ಕ್ಯಾಂಪಿಂಗ್ ಟ್ರೈಲರ್‌ನ ಫ್ರಿಜ್‌ಗೆ ವಾರಂಟಿ ನಿರಾಕರಿಸಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಫ್ರಿಜ್‌ನ 12 ವೋಲ್ಟ್ ಹೀಟರ್ ಕೆಟ್ಟಿರುವುದು ಹಾಗೂ ‘ಅನಧಿಕೃತ ಮಾರ್ಪಾಡು’ ಎಂಬ ಕಾರಣ ನೀಡಿ ದುರಸ್ತಿಗೆ ಒಪ್ಪದಿರುವುದು.

ತಮ್ಮ ಸಂಸ್ಥೆಯಿಂದ ನಾನು ಖರೀದಿಸಿರುವ ಸಣ್ಣ ಕ್ಯಾಂಪಿಂಗ್ ಟ್ರೈಲರ್‌ನಲ್ಲಿ ಗ್ಯಾಸ್, ಮನೆಯ ಕರೆಂಟ್ ಮತ್ತು ವಾಹನದ 12 ವೋಲ್ಟ್, ಈ ಮೂರರಿಂದಲೂ ನಡೆಯುವ ಫ್ರಿಜ್ ಇದೆ. ಅದನ್ನು ಕೂರಿಸಿರುವುದು ತಮ್ಮ ಕಾರ್ಖಾನೆಯವರೇ. ಈಗ ಅದು ಗ್ಯಾಸ್‌ನಲ್ಲಿಯೂ ಕರೆಂಟ್‌ನಲ್ಲಿಯೂ ಚೆನ್ನಾಗಿ ತಣ್ಣಗಾಗುತ್ತಿದ್ದು, 12 ವೋಲ್ಟ್‌ಗೆ ತಿರುಗಿಸಿದರೆ ಮಾತ್ರ ಕೆಲಸ ಮಾಡುವುದಿಲ್ಲ. ತಾವು ಕಳುಹಿಸಿದ ತಂತ್ರಜ್ಞರು ಹಿಂಬದಿಯ ಮುಚ್ಚಳ ತೆಗೆದವರೇ ನಾನು ಅಳವಡಿಸಿದ್ದ ಸಣ್ಣ ಫ್ಯಾನುಗಳ ಫೋಟೊ ತೆಗೆದುಕೊಂಡು, ಹಾಳೆಯ ಮೇಲೆ ‘ಅನಧಿಕೃತ ಮಾರ್ಪಾಡು, ವಾರಂಟಿ ಅನ್ವಯಿಸದು’ ಎಂದು ಬರೆದು ಹೊರಟುಹೋದರು. ಹೀಟರ್‌ನ ಎರಡು ತಂತಿಗಳಿಗೆ ಮೀಟರ್ ಹಿಡಿಯುವ ಕೆಲಸವನ್ನೂ ಅವರು ಮಾಡಲಿಲ್ಲ. ಅವರು ಹೋದ ಮೇಲೆ ನಾನೇ ಹಿಡಿದು ನೋಡಿದೆ. 120 ವ್ಯಾಟ್‌ನ ಹೀಟರ್ ಸುಮಾರು 1.2 ಓಮ್ ತೋರಿಸಬೇಕಿತ್ತು. ಮೀಟರ್‌ನಲ್ಲಿ ಯಾವ ಅಂಕಿಯೂ ಮೂಡಲಿಲ್ಲ. ಅಂದರೆ ಹೀಟರ್‌ನ ಒಳಗಿನ ಸುರುಳಿಯೇ ತುಂಡಾಗಿದೆ.

ನಾನು ಮಾಡಿದ ಬದಲಾವಣೆಗಳನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಅವುಗಳನ್ನು ಏಕೆ ಮಾಡಬೇಕಾಯಿತು ಎಂಬುದನ್ನು ತಮ್ಮ ತಾಂತ್ರಿಕ ವಿಭಾಗದವರು ಒಮ್ಮೆ ಓದಿ ನೋಡಲಿ ಎಂಬುದಷ್ಟೇ ನನ್ನ ಕೋರಿಕೆ.

ಈ ಬಗೆಯ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಕೆಳಗೆ ಗ್ಯಾಸ್ ಉರಿ ಅಥವಾ ವಿದ್ಯುತ್ ಹೀಟರ್ ಕೊಟ್ಟ ಶಾಖದಿಂದ ನೀರಿನಲ್ಲಿ ಕರಗಿರುವ ಅಮೋನಿಯಾ ಕುದಿದು ಮೇಲೇರಿ, ಹಿಂಬದಿಯ ಲೋಹದ ತೆಳು ರೆಕ್ಕೆಗಳಲ್ಲಿ ಶಾಖ ಬಿಟ್ಟು ದ್ರವವಾಗಿ, ಒಳಗೆ ಹೈಡ್ರೋಜನ್ ಜೊತೆ ಸೇರಿ ಆವಿಯಾಗುವಾಗ ತಂಪು ಉಂಟಾಗುತ್ತದೆ. ಆದ್ದರಿಂದ ಹಿಂಬದಿಯ ಶಾಖ ಸರಾಗವಾಗಿ ಹೊರಹೋಗದಿದ್ದರೆ ಗ್ಯಾಸ್ ಎಷ್ಟು ಉರಿದರೂ ಒಳಗೆ ತಂಪಾಗದು. ಕೆಳಗಿನ ಜಾಲರಿಯಿಂದ ಗಾಳಿ ಬಂದು, ರೆಕ್ಕೆಗಳನ್ನು ಸವರಿಕೊಂಡು, ಮೇಲಿನ ಜಾಲರಿಯಿಂದ ಹೊರಬೀಳಬೇಕು. ಇಡೀ ಹಿಂಭಾಗ ಚಿಮಣಿಯಂತೆ ನಡೆಯಬೇಕು. ತಾವೇ ಟ್ರೈಲರ್ ಜೊತೆ ಕೊಟ್ಟ ಫ್ರಿಜ್‌ನ ಕೈಪಿಡಿಯಲ್ಲಿ, ರೆಕ್ಕೆಗಳಿಗೂ ಹಿಂದಿನ ಗೋಡೆಗೂ ನಡುವೆ 25 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಇದ್ದರೆ ತಗಡಿನ ಅಡ್ಡಪಟ್ಟಿ ಹಾಕಿ ಗಾಳಿಯನ್ನು ರೆಕ್ಕೆಗಳ ಕಡೆಗೆ ತಿರುಗಿಸಬೇಕು ಎಂದು ಚಿತ್ರಸಮೇತ ಹೇಳಲಾಗಿದೆ.

ನನ್ನ ಟ್ರೈಲರ್‌ನಲ್ಲಿ ಆ ಅಂತರದೊಳಗೆ ನನ್ನ ಅಂಗೈ ಅಡ್ಡಲಾಗಿ ಹಿಡಿಸುತ್ತಿತ್ತು, ಅಡ್ಡಪಟ್ಟಿ ಇರಲೇ ಇಲ್ಲ. ಫ್ರಿಜ್‌ನ ತಲೆಯ ಮೇಲಿನ ಖಾಲಿ ಜಾಗವನ್ನೂ ಮುಚ್ಚಿರಲಿಲ್ಲವಾದ್ದರಿಂದ ಬಿಸಿಗಾಳಿ ಅಲ್ಲೇ ತಂಗಿ, ಮೇಲಿನ ಪ್ಲೈವುಡ್ ಕೈಯಿಟ್ಟರೆ ಚುರುಕ್ಕೆನ್ನುವಷ್ಟು ಕಾಯುತ್ತಿತ್ತು. ಕೆಳಗಿನ ಜಾಲರಿಯ ಎದುರು ತೆಳುವಾದ ಟಿಶ್ಯೂ ಕಾಗದದ ಚೂರು ಹಿಡಿದರೆ ಅದು ಒಳಕ್ಕೆ ಎಳೆದುಕೊಳ್ಳುವುದಿರಲಿ, ಅಲುಗುತ್ತಲೂ ಇರಲಿಲ್ಲ. ಹೊರಗೆ 32 ಡಿಗ್ರಿ ಇದ್ದ ದಿನ ಒಳಗೆ 14 ಡಿಗ್ರಿ ಇತ್ತು. ಹಾಲು, ಮಾಂಸದಂಥ ಪದಾರ್ಥಗಳು 5 ಡಿಗ್ರಿಯೊಳಗೆ ಇರಬೇಕೆಂಬುದು ತಮಗೂ ಗೊತ್ತಿರುವ ವಿಷಯ. ಇದನ್ನು ಫೋನಿನಲ್ಲಿ ತಿಳಿಸಿದಾಗ ‘ಬಿಸಿಲು ಜಾಸ್ತಿಯಿದ್ದರೆ ಹಾಗೇ ಆಗುತ್ತದೆ, ಟ್ರೈಲರ್ ಸಮತಟ್ಟಾಗಿ ನಿಲ್ಲಿಸಿ’ ಎಂಬ ಉತ್ತರ ಬಂತು. ಸಮತಟ್ಟು ಮುಖ್ಯವೇ, ಒಪ್ಪುತ್ತೇನೆ. ಓರೆಯಾಗಿ ನಿಂತರೆ ಒಳಗಿನ ದ್ರವ ಸರಿಯಾಗಿ ಹರಿಯುವುದಿಲ್ಲ. ಆದರೆ ಮಟ್ಟಗೋಲು ಇಟ್ಟು ನೋಡಿಯೇ ನಾನು ಫೋನ್ ಮಾಡಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ, ಕೈಪಿಡಿಯ ಚಿತ್ರದಲ್ಲಿರುವಂತೆಯೇ ಅಡ್ಡಪಟ್ಟಿ ಹಾಗೂ ಮೇಲಿನ ಮುಚ್ಚಳ ಕೂರಿಸಿದೆ. ಮೇಲಿನ ಜಾಲರಿಯ ಒಳಗೆ ಕಂಪ್ಯೂಟರ್‌ಗೆ ಬಳಸುವಂಥ 12 ವೋಲ್ಟ್‌ನ ಎರಡು ಸಣ್ಣ ಫ್ಯಾನುಗಳನ್ನು, 40 ಡಿಗ್ರಿಗೆ ತಾನಾಗಿ ಚಾಲೂ ಆಗುವ ಥರ್ಮೋಸ್ಟಾಟ್ ಸ್ವಿಚ್ ಮತ್ತು ಪ್ರತ್ಯೇಕ ಫ್ಯೂಸ್ ಸಮೇತ ಹಾಕಿದೆ. ಬಾಗಿಲಿನ ಒಂದು ಮೂಲೆಯಲ್ಲಿ ಸೊಟ್ಟಗಾಗಿದ್ದ ರಬ್ಬರನ್ನು ಬೆಚ್ಚಗೆ ಮಾಡಿ ನೇರಗೊಳಿಸಿದೆ. ಬರ್ನರ್, ಗ್ಯಾಸ್ ಕೊಳವೆ, ಹೊಗೆಕೊಳವೆ ಮತ್ತು ಅಮೋನಿಯಾ ಇರುವ ಮುಚ್ಚಿದ ಕೊಳವೆಗಳು, ಇವುಗಳಲ್ಲಿ ಯಾವುದನ್ನೂ ಮುಟ್ಟಿಲ್ಲ. ಸುಲಭವಾಗಿ ಬೆಂಕಿ ಹಿಡಿಯುವ ಫೋಮನ್ನು ಆ ಜಾಗಕ್ಕೆ ಸೇರಿಸಿಯೂ ಇಲ್ಲ. ಅದೇ ರೀತಿಯ ಬಿಸಿಲಿನಲ್ಲಿ ಅದೇ ಫ್ರಿಜ್ ಈಗ 5 ಡಿಗ್ರಿಗೆ ಇಳಿಯುತ್ತದೆ. ಫ್ಯಾನು ಮಾಡುವುದು ಹಿಂಬದಿಯನ್ನು ತಂಪಾಗಿಡುವ ಕೆಲಸ. ಅದರಿಂದ ಹೀಟರ್ ಸುಟ್ಟಿತು ಎಂಬ ವಾದ ನನಗೆ ಅರ್ಥವಾಗುತ್ತಿಲ್ಲ.

ಇವುಗಳ ಜೊತೆಗೆ ಫ್ರಿಜ್‌ಗೆ 12 ವೋಲ್ಟ್ ತರುವ ತಂತಿಯನ್ನೂ ಬದಲಿಸಿದ್ದೇನೆ. ಆ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಮ್ಮ ಎರಡನೆಯ ಇಮೇಲ್‌ನಲ್ಲಿ ‘ದಪ್ಪ ತಂತಿ ಹಾಕಿದ್ದರಿಂದ ಹೆಚ್ಚು ವಿದ್ಯುತ್ ಹರಿದು ಹೀಟರ್ ಕೆಟ್ಟಿದೆ’ ಎಂದು ಬರೆಯಲಾಗಿದೆ. ತಮ್ಮ ಕಾರ್ಖಾನೆಯಲ್ಲಿ ಫ್ರಿಜ್‌ಗೆ ಎಳೆದಿದ್ದುದು 1.5 ಚದರ ಮಿಲಿಮೀಟರ್‌ನ ತಂತಿ. ಹೋಗಿ ಬರುವ ದಾರಿ ಸೇರಿ ಅದರ ಉದ್ದ ಸುಮಾರು 12 ಮೀಟರ್. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದಾಗ ಫ್ರಿಜ್‌ನ ಟರ್ಮಿನಲ್‌ನಲ್ಲಿ 10.7 ವೋಲ್ಟ್ ಮಾತ್ರ ಸಿಗುತ್ತಿತ್ತು. ಹೀಟರ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಇಷ್ಟು ಕೊರತೆಗೇ ಐದರಲ್ಲೊಂದು ಪಾಲು ಶಾಖ ಖೋತಾ ಆಗುತ್ತದೆ. 6 ಚದರ ಮಿಲಿಮೀಟರ್‌ನ ತಂತಿ ಹಾಕಿದ ಮೇಲೆ ಅದೇ ಟರ್ಮಿನಲ್‌ನಲ್ಲಿ 11.7 ವೋಲ್ಟ್ ಬಂತು. ತಮ್ಮ ಫ್ಯೂಸನ್ನು ಇದ್ದಂತೆಯೇ ಬಿಟ್ಟಿದ್ದೇನೆ, ಅದು ಇಂದಿಗೂ ಹೋಗಿಲ್ಲ. ದಪ್ಪ ತಂತಿ ವಾಹನ ಕೊಡುವುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಎಲ್ಲಿಂದಲೂ ತರಲಾರದು. ದಾರಿಯಲ್ಲಿ ಪೋಲಾಗುತ್ತಿದ್ದುದನ್ನು ಫ್ರಿಜ್‌ಗೆ ಮುಟ್ಟಿಸುತ್ತದೆ, ಅಷ್ಟೆ. 12 ವೋಲ್ಟ್ ಎಂದು ಮೈಮೇಲೆ ಬರೆದುಕೊಂಡಿರುವ ಹೀಟರ್ ವಾಹನದ ಪೂರ್ತಿ ವೋಲ್ಟೇಜ್ ತಡೆಯಲಾರದೆ ಕೆಟ್ಟಿದೆ ಎಂದಾದರೆ ದೋಷ ಹೀಟರ್‌ನದು. ತೆಳು ತಂತಿಯ ಮರೆಯಲ್ಲಿ ಅದು ಇಷ್ಟು ದಿನ ಬಚಾವಾಗಿತ್ತು ಎಂದು ತಾವೇ ಹೇಳಿದಂತಾಗುತ್ತದೆ. ಅದು ತಮ್ಮ ಸಂಸ್ಥೆಗೆ ಶೋಭೆ ತರುವ ಮಾತಲ್ಲ.

ವಾರಂಟಿ ಪತ್ರವನ್ನು ಮತ್ತೆ ಓದಿದ್ದೇನೆ. ‘ಮಾರ್ಪಾಡಿನಿಂದ ಉಂಟಾದ ಹಾನಿ’ಗೆ ವಾರಂಟಿ ಇಲ್ಲ ಎಂದು ಅದರಲ್ಲಿದೆಯೇ ಹೊರತು, ಯಾವುದೇ ಮಾರ್ಪಾಡು ಕಂಡರೆ ಇಡೀ ಫ್ರಿಜ್‌ನ ವಾರಂಟಿ ರದ್ದು ಎಂದು ಎಲ್ಲಿಯೂ ಇಲ್ಲ. ಯಾವ ಮಾರ್ಪಾಡಿನಿಂದ ಯಾವ ಭಾಗ ಹೇಗೆ ಕೆಟ್ಟಿತು ಎಂಬುದನ್ನು ತೋರಿಸುವ ಹೊಣೆ ತಮ್ಮದು.

ಆದ್ದರಿಂದ 12 ವೋಲ್ಟ್ ಹೀಟರನ್ನು ವಾರಂಟಿಯಡಿ ಉಚಿತವಾಗಿ ಬದಲಿಸಿಕೊಡಬೇಕೆಂದೂ, ನನ್ನ ಸೇವಾ ದಾಖಲೆಯಲ್ಲಿ ಬರೆದಿರುವ ‘ಅನಧಿಕೃತ ಮಾರ್ಪಾಡು’ ಎಂಬ ಟಿಪ್ಪಣಿಯನ್ನು ತೆಗೆದುಹಾಕಬೇಕೆಂದೂ ಕೋರುತ್ತೇನೆ. ಒಪ್ಪದಿದ್ದಲ್ಲಿ, ಮೀಟರ್ ಹಿಡಿದು ಪರೀಕ್ಷಿಸಿದ ತಂತ್ರಜ್ಞರ ಲಿಖಿತ ವರದಿಯೊಂದಿಗೆ ಕಾರಣ ತಿಳಿಸಬೇಕು. ಹೀಟರ್ ಬದಲಿಸಲು ಬರುವವರು ಫ್ಯಾನು, ತಗಡು ಮತ್ತು ತಂತಿಯನ್ನು ಕೀಳುವಂತಿಲ್ಲ. ಕೀಳಲೇಬೇಕೆಂದಿದ್ದರೆ ಕೈಪಿಡಿಯಲ್ಲಿ ಹೇಳಿರುವ ಅಳತೆಗೆ ಸರಿಯಾಗಿ ತಾವೇ ಹೊಸದಾಗಿ ಕೂರಿಸಿಕೊಡಬೇಕು. ಇದೇ ಮಾದರಿಯ ಟ್ರೈಲರ್ ಕೊಂಡ ಇತರರಿಗೂ ಇದೇ ಅಂತರ, ಇದೇ ತಂತಿ ಹೋಗಿರಬಹುದಾದ್ದರಿಂದ ಕಾರ್ಖಾನೆಯಲ್ಲಿ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹಿಂಬದಿಯ ಮೊದಲಿನ ಹಾಗೂ ಈಗಿನ ಫೋಟೊಗಳು, ಮೀಟರ್ ಓದುಗಳ ಫೋಟೊಗಳು, ಕೈಪಿಡಿಯ ಸಂಬಂಧಪಟ್ಟ ಪುಟ ಮತ್ತು ತಂತ್ರಜ್ಞರು ಕೊಟ್ಟ ಹಾಳೆಯ ಪ್ರತಿಯನ್ನು ಲಗತ್ತಿಸಿದ್ದೇನೆ. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕರು