ಐಸ್ ಬಿಡಿಸುವ ಕೆಲಸದ ಬಗ್ಗೆ, ಸುಂಟಿಕೊಪ್ಪದ ಮನೆಗೆ

ಮಾಂಟ್ರಿಯಲ್, ಜನವರಿ

ಪ್ರೀತಿಯ ಅಪ್ಪ, ಅಮ್ಮ,

ರೋಬಸ್ಟಾ ಕೊಯ್ಲು ಶುರುವಾಗಿರಬೇಕು. ಈ ಸಲ ಆಳುಗಳು ಸಿಕ್ಕಿದರಾ? ಮೊನ್ನೆ ಫೋನಿನಲ್ಲಿ ಅಪ್ಪ, "ಐಸ್ ಬಿಡಿಸೋಕೆ ಇಷ್ಟೆಲ್ಲ ಓದಬೇಕಾ, ಬಿಸಿನೀರು ಸುರಿದರೆ ಆಗಲ್ವಾ?" ಅಂತ ಕೇಳಿದಿರಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನಿಲ್ಲಿ ಮಾಡುತ್ತಿರುವುದು ಕಾರ್ಬನ್ ನ್ಯಾನೋಟ್ಯೂಬ್ ಎಂಬ ಇಂಗಾಲದ ಅತಿ ಸಣ್ಣ ಕೊಳವೆಗಳನ್ನು ಬೆರೆಸಿ, ಒಳಗಿನಿಂದ ಬಿಸಿಯಾಗಿ ಐಸ್ ಬಿಡಿಸುವ ಪದರ.

ಜುಲೈನಲ್ಲಿ ನಮ್ಮ ಕಡೆ ಸಿಲ್ವರ್ ಮರ ಬಿದ್ದು ಲೈನ್ ಹರಿದು, ದಿನಗಟ್ಟಲೆ ಕರೆಂಟ್ ಇರುವುದಿಲ್ಲ ಅಲ್ವಾ? ಇಲ್ಲಿ 1998ರ ಜನವರಿಯಲ್ಲಿ ಬರೀ ಮಳೆಯೇ ಆ ಕೆಲಸ ಮಾಡಿತ್ತು. ಆ ಮಳೆಯ ಹನಿ ಶೂನ್ಯ ಡಿಗ್ರಿಗಿಂತ ತಣ್ಣಗಾಗಿದ್ದರೂ ನೀರಾಗಿಯೇ ಇರುತ್ತದೆ, ತಂತಿಗೋ ಕೊಂಬೆಗೋ ತಾಗಿದ ತಕ್ಷಣ ಗಟ್ಟಿಯಾಗುತ್ತದೆ. ದಿನಗಟ್ಟಲೆ ಹಾಗೇ ಸುರಿದು, ಐಸಿನ ಭಾರಕ್ಕೆ ಸಾವಿರದಷ್ಟು ಉಕ್ಕಿನ ಟವರ್‌ಗಳು ಮುರಿದು ಬಿದ್ದವು. ಕೆಲವು ಊರುಗಳಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ, ಅದೂ ಈ ಚಳಿಯಲ್ಲಿ.

ವಿಮಾನಕ್ಕಂತೂ ತೆಳು ಪದರವೇ ಸಾಕು. ರೆಕ್ಕೆ ಮೇಲೆ ಒರಟಾದ ಐಸ್ ಕೂತರೆ ಮೇಲೆತ್ತುವ ಬಲ ಶೇ. 30ರವರೆಗೂ ಕಡಿಮೆಯಾಗಬಹುದು. 1982ರಲ್ಲಿ ವಾಷಿಂಗ್ಟನ್‌ನಲ್ಲಿ ಹಿಮ ಕೂತ ರೆಕ್ಕೆಯಲ್ಲೇ ಹೊರಟ ವಿಮಾನ ಪೊಟೊಮ್ಯಾಕ್ ನದಿಗೆ ಬಿದ್ದು 78 ಜನ ಸತ್ತರು. ಈಗ ಹೊರಡುವ ಮೊದಲು ಐಸ್ ಕರಗಿಸುವ, ಬಿಸಿ ಮಾಡಿದ ಗ್ಲೈಕಾಲ್ ದ್ರವ ಸಿಂಪಡಿಸುತ್ತಾರೆ. ಆದರೆ ಅದು ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ, ಅಪ್ಪ.

ಐಸ್ ಹಿಡಿಯದಂತೆ ಮಾಡಲು ಒಂದು ದಾರಿ ನೀರೇ ನಿಲ್ಲದಂತೆ ಮಾಡುವುದು. ಕೆಸುವಿನ ಎಲೆ ಮೇಲೆ ಮಳೆಹನಿ ಉರುಳಿ ಹೋಗುತ್ತದಲ್ಲ, ಹಾಗೆ. ಕಾರ್ಬನ್ ನ್ಯಾನೋಟ್ಯೂಬ್ ಲೇಪನದಿಂದ ಅಂಥ ಮೈ ಮಾಡಬಹುದು. ಆದರೆ ಗಾಳಿಯ ತೇವ ಅದರ ಸಣ್ಣ ಸಂದುಗಳ ಒಳಗೇ ಹೆಪ್ಪುಗಟ್ಟಿದರೆ ಐಸ್ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅದೊಂದನ್ನೇ ನಂಬಿದರೆ ಆಗದು ಅಂತ ನನಗೆ ಅನ್ನಿಸುತ್ತದೆ. ಒಳಗಿನಿಂದ ಬಿಸಿಯೂ ಬೇಕು.

ನಾನು ಮಾಡುತ್ತಿರುವುದು ಅದನ್ನೇ. ಇಂಗಾಲದ ಪರಮಾಣುಗಳ ಒಂದು ಹಾಳೆ ಸುತ್ತಿಕೊಂಡು ಕೊಳವೆಯಾದರೆ ಅದು ನ್ಯಾನೋಟ್ಯೂಬ್, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ಇದರ ಬಗ್ಗೆ ಬರೆದ ಮೇಲೆ ಎಲ್ಲರೂ ಇದರ ಹಿಂದೆ ಬಿದ್ದರು. ಇದರಲ್ಲಿ ಕರೆಂಟ್ ಹರಿಯುತ್ತದೆ. ಪದರ ಮಾಡಲು ಬಳಸುವ ಎಪಾಕ್ಸಿ ಅಂಟಿನಲ್ಲಿ ಹರಿಯುವುದಿಲ್ಲ, ಆದರೆ ಸ್ವಲ್ಪವೇ ಸ್ವಲ್ಪ ನ್ಯಾನೋಟ್ಯೂಬ್ ಬೆರೆಸಿದರೂ ಅವು ಒಂದಕ್ಕೊಂದು ತಾಗಿ ಬಲೆಯಾಗಿ, ಇಡೀ ಪದರ ಹೀಟರ್ ಆಗುತ್ತದೆ. ತಂತಿಯ ಹೀಟರ್ ಒಂದು ಕಡೆ ತುಂಡಾದರೆ ಮುಗಿಯಿತು. ಇಲ್ಲಿ ಗೀರು ಬಿದ್ದರೂ ಕರೆಂಟಿಗೆ ಬೇರೆ ದಾರಿಗಳಿರುತ್ತವೆ. ತೂಕವೂ ಕಡಿಮೆ.

ಕಷ್ಟ ಬೆರೆಸುವುದರಲ್ಲಿದೆ. ಎಷ್ಟು ಕಲಸಿದರೂ ಗಂಟು ಗಂಟಾಗುತ್ತವೆ, ಆಮೇಲೆ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಅದಕ್ಕೆ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ, ಹಾಯಿಸಿ ಬಿಡಿಸುತ್ತೇವೆ. ಜಾಸ್ತಿ ಹಾಯಿಸಿದರೆ ಕೊಳವೆಗಳೇ ತುಂಡಾಗುತ್ತವೆ. ನನ್ನ ದಿನದ ಹೆಚ್ಚಿನ ಹೊತ್ತು ಇದಕ್ಕೇ ಹೋಗುತ್ತದೆ, ಒಂದು ಪದರ ಅಂಚಿನಿಂದ ಅಂಚಿಗೆ ಸಮನಾಗಿ ಬಿಸಿಯಾದರೆ ಆಗುವ ಖುಷಿ ಹೇಳತೀರದು.

ಬಿಸಿನೀರಿನ ಪ್ರಶ್ನೆಗೆ ಬರುತ್ತೇನೆ. ಶೂನ್ಯ ಡಿಗ್ರಿಯ ಒಂದು ಗ್ರಾಂ ಐಸ್ ಕರಗಲು 334 ಜೂಲ್ ಶಾಖ ಬೇಕು, ಅಷ್ಟರಲ್ಲಿ ಒಂದು ಗ್ರಾಂ ನೀರನ್ನು ಶೂನ್ಯದಿಂದ 80 ಡಿಗ್ರಿವರೆಗೆ ಬಿಸಿ ಮಾಡಬಹುದು. ಮೇಲಿನಿಂದ ಸುರಿದರೆ ಎಲ್ಲವನ್ನೂ ಕರಗಿಸಬೇಕು, ಸುರಿದ ನೀರು ಮತ್ತೆ ಅಲ್ಲೇ ಹೆಪ್ಪುಗಟ್ಟುತ್ತದೆ. ಕೆಳಗಿನಿಂದ ಬಿಸಿ ಕೊಟ್ಟರೆ ಅಂಟಿಕೊಂಡ ಒಂದು ತೆಳು ಪದರ ಕರಗಿದರೆ ಸಾಕು, ಮೇಲಿನ ಗಡ್ಡೆ ಹಾಗೇ ಜಾರಿ ಬೀಳುತ್ತದೆ. ಅಪ್ಪ, ಇದಕ್ಕೇ ನನಗೆ ಈ ಕೆಲಸದ ಮೇಲೆ ಇಷ್ಟು ಆಸೆ.

ಅಮ್ಮ, ನ್ಯಾನೋಟ್ಯೂಬಿನ ಆ ಕಪ್ಪು ಪುಡಿ ಮೂಗಿಗೆ ಹೋದರೆ ಅಂತ ಹೆದರಿದ್ದೀರಿ. ಹೆದರಿಕೆ ಸುಮ್ನೆ ಅಲ್ಲ, ಇದರಲ್ಲಿ ಒಂದು ಬಗೆಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೇ ಗಾಳಿ ಎಳೆಯುವ ಮುಚ್ಚಿದ ಪೆಟ್ಟಿಗೆಯೊಳಗೇ ತೂಗುತ್ತೇನೆ, ಮಾಸ್ಕ್, ಗ್ಲೌಸ್ ಹಾಕುತ್ತೇನೆ. ಅಂಟಿನಲ್ಲಿ ಸೇರಿ ಗಟ್ಟಿಯಾದ ಮೇಲೆ ಹಾರುವುದಿಲ್ಲ, ಉಜ್ಜುವಾಗ ಮಾತ್ರ ಮತ್ತೆ ಜಾಗ್ರತೆ ಬೇಕು.

ಭಾನುವಾರ ಫೋನ್ ಮಾಡುತ್ತೇನೆ. ಕಾಳುಮೆಣಸಿಗೆ ಈ ಸಲ ಎಷ್ಟು ರೇಟು ಅಂತ ಕೇಳಿಟ್ಟಿರಿ.

ನಿಮ್ಮ ಮಗಳು