ಬಿಚ್ಚದ ಡಬ್ಬಗಳು

ಪ್ರೀತಿಯ ಮಾಣಿ,

ಅತ್ತೆಯ ಆಶೀರ್ವಾದ. ಮೊನ್ನೆ ಬೆಂಗಳೂರಿಗೆ ಬಂದಾಗ ನಿನ್ನ ಮಂಚದ ಕೆಳಗೆ ಗುಡಿಸಲು ಬಗ್ಗಿದ್ದೆ. 5 ಪಾರ್ಸೆಲ್ ಡಬ್ಬ ಇದ್ದವು. ಒಂದರ ಟೇಪನ್ನೂ ನೀನು ಕಿತ್ತಿರಲಿಲ್ಲ. ಬೈತಾಳೆ ಅಂತ ಹೆದರಬೇಡ.

ನಿನ್ನ ಮಾವ ತೀರಿಹೋದ ವರ್ಷ ನಾನೂ ಹೀಗೇ ಮಾಡಿದ್ದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಶಿರಸಿ ಪೇಟೆಗೆ ಹೋಗುತ್ತಿದ್ದೆ. ಅಂಗಡಿಯವರು ಗಾದಿ ಮೇಲೆ ಸೀರೆ ಹರವಿ, ‘ಅಕ್ಕಾ, ಈ ಬಣ್ಣ ನಿಮಗೆ ಒಪ್ತದೆ’ ಅನ್ನುತ್ತಿದ್ದರು. ಅಷ್ಟು ಹೊತ್ತು ಎದೆ ಹಗುರಾಗುತ್ತಿತ್ತು. ಸೀರೆ ತಂದು ಕಪಾಟಿನಲ್ಲಿಟ್ಟರೆ ಮತ್ತೆ ಅದೇ ಖಾಲಿ ಮನೆ. ಅಡಿಕೆ ದುಡ್ಡು ಹಾಳು ಮಾಡಿದೆನಲ್ಲ ಅನ್ನುವ ಸಂಕಟ ಬೇರೆ. ಆ ಸಂಕಟ ತಡೆಯಲಾರದೆ ಮುಂದಿನ ವಾರ ಮತ್ತೆ ಪೇಟೆಗೆ. ಒಟ್ಟು 17 ಸೀರೆ. ಒಂದಕ್ಕೂ ಫಾಲ್ ಹಚ್ಚಿಸಿರಲಿಲ್ಲ. ಯಾರಾದರೂ ‘ಅಕ್ಕಾ’ ಅಂತ ಮಾತಾಡಿಸಲಿ ಅಂತ ಅಷ್ಟೂ ಕೊಂಡಿದ್ದೆ, ಮಾಣಿ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಇದು ಆನ್‌ಲೈನ್ ಕಾಲದಲ್ಲಿ ಹುಟ್ಟಿದ್ದಲ್ಲವಂತೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ನೂರು ವರ್ಷದ ಹಿಂದೆಯೇ ಇದನ್ನು ‘ಓನಿಯೊಮೇನಿಯಾ’, ಅಂದರೆ ಕೊಳ್ಳುವ ಹುಚ್ಚು, ಅಂತ ಕರೆದು ಬರೆದಿದ್ದರು. ಏನೋ ಸಿಗುತ್ತದೆ ಅಂತ ಕಾಯುವಾಗಲೇ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಏರಿ ಖುಷಿಯಾಗುತ್ತದೆ. ಕೈಗೆ ಬರುವ ಹೊತ್ತಿಗೆ ಆ ಖುಷಿ ಇಳಿದಿರುತ್ತದೆ. ಡಬ್ಬ ಬಿಚ್ಚಲು ನಿನಗೆ ಮನಸ್ಸಾಗದ್ದು ಅದಕ್ಕೇ ಇರಬೇಕು, ಅಲ್ವಾ? ನಾನಾದರೂ ನೋಟು ಎಣಿಸಿ ಕೊಡುತ್ತಿದ್ದೆ, ಕೈ ಸ್ವಲ್ಪ ಹಿಂಜರಿಯುತ್ತಿತ್ತು. ಕಾರ್ಡಿನಲ್ಲಿ ಅದೂ ಗೊತ್ತಾಗುವುದಿಲ್ಲ.

ರಾತ್ರಿ ಏನಾದರೂ ಆರ್ಡರ್ ಮಾಡಬೇಕು ಅನಿಸಿದಾಗ, ಅದಕ್ಕೆ ಮುಂಚೆ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡು. ಆಫೀಸಿನಲ್ಲಿ ಬೈಸಿಕೊಂಡೆಯಾ? ಒಬ್ಬನೇ ಊಟ ಮಾಡಿದೆಯಾ? ಸುಮ್ನೆ ಬೇಜಾರಾ? ನಾಲ್ಕು ಚೀಟಿ ಆಗುವಷ್ಟರಲ್ಲಿ ನಿನಗೇ ಹೊಳೆಯುತ್ತದೆ. ನನಗೆ ಹೊಳೆದದ್ದೂ ಹಾಗೇ. ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿಬಿಡು. ಬೆಳಗಾಗಲಿ, ಆಮೇಲೆ ನೋಡು.

ಸಾಲ ಎಷ್ಟಾಗಿದೆ ಅಂತ ನನ್ನ ಹತ್ತಿರ ಮುಚ್ಚಿಡಬೇಡ. ಕೈ ತಡೆಯದೇ ಹೋದರೆ ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಚೌತಿಗೆ ಬರುವಾಗ ಆ ಡಬ್ಬಗಳನ್ನು ತೆಗೆದುಕೊಂಡು ಬಾ. ಜಗುಲಿ ಮೇಲೆ ಕೂತು ಇಬ್ಬರೂ ಬಿಚ್ಚೋಣ. ನನ್ನ ಕಪಾಟಿನಲ್ಲೂ ಇನ್ನೂ 6 ಸೀರೆ ಹಾಗೇ ಇವೆ.

ನಿನ್ನ ಅತ್ತೆ