ಸಮಿತಿ ಹೇಳಿದ್ದೇನು, ಸರ್ಕಾರ ಒಪ್ಪಿದ್ದೇನು: ಪಟ್ಟಿ ಸದನದ ಮುಂದೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಮರುತಿಂಗಳೇ ಉನ್ನತ ಶಿಕ್ಷಣದ ನಿಯಂತ್ರಣ ವ್ಯವಸ್ಥೆಯನ್ನು ಬದಲಿಸುವ ವಿಕಸಿತ ಭಾರತ ಶಿಕ್ಷಾ ಅಧಿಷ್ಠಾನ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. 'ಮಸೂದೆಯನ್ನು ಸಮಿತಿಗೆ ಒಪ್ಪಿಸಲಾಗಿದೆ' ಎಂಬ ಸಾಲಿನೊಂದಿಗೆ ಸುದ್ದಿ ಮುಗಿದುಬಿಡುತ್ತದೆ. ಕಾರ್ಮಿಕ ಸಂಘಟನೆಗಳು, ಅಧ್ಯಾಪಕರು, ಪೋಷಕರು ಬಾಯಿ ತೆರೆಯಲು ಇರುವ ನಿಜವಾದ ಅವಕಾಶ ಮಾತ್ರ ಆ ಸಾಲಿನ ನಂತರವೇ ಶುರುವಾಗುತ್ತದೆ. ಸಮಿತಿಯ ಯಾವ ಶಿಫಾರಸನ್ನು ಒಪ್ಪಿದೆ, ಯಾವುದನ್ನು ಬಿಟ್ಟಿದೆ ಎಂಬ ಪಟ್ಟಿಯನ್ನು ಸರ್ಕಾರ ಸದನದ ಮುಂದಿಡಲಿ ಎಂದು ಕೇಳಲು ಈ ಪತ್ರ.

ಇಲಾಖೆಗಳ ಕೆಲಸವನ್ನೂ ಮಸೂದೆಗಳನ್ನೂ ಪರಿಶೀಲಿಸುವ ಇಲಾಖಾವಾರು ಸ್ಥಾಯಿ ಸಮಿತಿಗಳು ಸಂಸತ್ತಿನಲ್ಲಿ 1993ರಲ್ಲಿ ಆರಂಭವಾದವು. ಆಗ 17 ಇದ್ದವು, 2004ರಿಂದ 24 ಇವೆ. ಒಂದೊಂದರಲ್ಲೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಯಾದವರು ಸದಸ್ಯರಾಗುವಂತಿಲ್ಲ. ಕಾರ್ಮಿಕ ಇಲಾಖೆಯ ಸಮಿತಿ ಲೋಕಸಭೆಯ ಸ್ಪೀಕರ್ ಅಧೀನದಲ್ಲಿ, ಶಿಕ್ಷಣ ಸಮಿತಿ ರಾಜ್ಯಸಭೆಯ ಸಭಾಪತಿಗಳ ಅಧೀನದಲ್ಲಿ ಕೆಲಸ ಮಾಡುತ್ತವೆ. ಮಸೂದೆ ತಾನಾಗಿಯೇ ಸಮಿತಿಗೆ ಹೋಗುವುದಿಲ್ಲ, ಸ್ಪೀಕರ್ ಅಥವಾ ಸಭಾಪತಿ ಒಪ್ಪಿಸಿದರೆ ಮಾತ್ರ ಹೋಗುತ್ತದೆ. ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದಲ್ಲಿ 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. 17ನೇ ಲೋಕಸಭೆಯ ಹೊತ್ತಿಗೆ ಅದು ಶೇ 16ಕ್ಕೆ ಇಳಿಯಿತು.

ಮಸೂದೆ ಕೈಗೆ ಬಂದ ಮೇಲೆ ಸಮಿತಿ ಮೊದಲು ಇಲಾಖೆಯಿಂದ ಹಿನ್ನೆಲೆ ಟಿಪ್ಪಣಿ ತರಿಸಿಕೊಂಡು, ಕಾರ್ಯದರ್ಶಿಯನ್ನು ಕರೆಸಿ ವಿವರಣೆ ಕೇಳುತ್ತದೆ. ಆಮೇಲೆ ಪತ್ರಿಕಾ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಲಿಖಿತ ಅಭಿಪ್ರಾಯ ಆಹ್ವಾನಿಸುತ್ತದೆ. ಸಾಮಾನ್ಯವಾಗಿ ಸಿಗುವ ಗಡುವು 15 ದಿನ. ಬಂದ ಮನವಿಗಳಲ್ಲಿ ಆಯ್ದ ಕೆಲವರನ್ನು ಮೌಖಿಕ ಸಾಕ್ಷ್ಯಕ್ಕೆ ಕರೆಯುತ್ತಾರೆ. ಅವರು ಹೇಳಿದ್ದಕ್ಕೆ ಇಲಾಖೆಯಿಂದ ಲಿಖಿತ ಉತ್ತರ ಪಡೆದು, ಮಸೂದೆಯನ್ನು ಖಂಡವಾರು, ಅಂದರೆ ಒಂದೊಂದೇ ಕಲಮಾಗಿ ಓದಿ, ಕರಡು ವರದಿ ಅಂಗೀಕರಿಸುತ್ತಾರೆ. ಒಪ್ಪದ ಸದಸ್ಯರ ಭಿನ್ನಮತ ಟಿಪ್ಪಣಿ ವರದಿಯ ಜೊತೆಗೇ ಅಚ್ಚಾಗುತ್ತದೆ. ಸಭೆಗಳು ಗೋಪ್ಯ. ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ (ವಿಪ್) ಅಲ್ಲಿ ಇಲ್ಲದಿರುವುದರಿಂದ ಆಡಳಿತ ಪಕ್ಷದ ಸಂಸದರೂ ಇಲಾಖೆಯನ್ನು ಖಡಾಖಂಡಿತವಾಗಿ ಪ್ರಶ್ನಿಸಿರುವುದು ವರದಿಗಳನ್ನು ಓದಿದರೆ ಕಾಣುತ್ತದೆ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಂದು ಮಸೂದೆಗಾಗಿಯೇ ರಚನೆಯಾಗುವ ಸೆಲೆಕ್ಟ್ ಕಮಿಟಿ (ಒಂದು ಸದನದ್ದು) ಅಥವಾ ಜಂಟಿ ಸಮಿತಿಗೆ ಮಸೂದೆಯ ಪಠ್ಯವನ್ನೇ ತಿದ್ದುವ ಅಧಿಕಾರವಿದೆ. ತಿದ್ದಿದ ರೂಪದಲ್ಲೇ ಅದು ಸದನಕ್ಕೆ ಮರಳುತ್ತದೆ. ಸ್ಥಾಯಿ ಸಮಿತಿ ಶಿಫಾರಸು ಮಾತ್ರ ಮಾಡಬಲ್ಲದು. ಅದರ ವರದಿ ವಿವೇಚಿಸಿ ಕೊಟ್ಟ ಸಲಹೆ ಎಂದು ಲೋಕಸಭೆಯ ನಿಯಮ 331 ಎನ್ ಹೇಳುತ್ತದೆ. ಸಲಹೆಯನ್ನು ತಳ್ಳಿಹಾಕಿದರೆ ಕಾರಣ ಕೊಡಬೇಕೆಂದು ಅಲ್ಲಿ ಬರೆದಿಲ್ಲ. ನಮ್ಮ ತಕರಾರು ಇರುವುದು ಈ ಜಾಗದಲ್ಲಿ.

ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನೇ ನೋಡಿ. ಮೊದಲ ಮಸೂದೆ 2019ರ ನವೆಂಬರ್‌ನಲ್ಲಿ ಮಂಡನೆಯಾಯಿತು. ಡಿಸೆಂಬರ್‌ನಲ್ಲಿ ಭರ್ತೃಹರಿ ಮಹತಾಬ್ ಅಧ್ಯಕ್ಷತೆಯ ಸ್ಥಾಯಿ ಸಮಿತಿಗೆ ಹೋಗಿ, 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆಯೇ, ವರದಿ ಬಂತು. ಲೇಆಫ್ (ತಾತ್ಕಾಲಿಕವಾಗಿ ಕೆಲಸ ನಿರಾಕರಿಸುವುದು), ಸಿಬ್ಬಂದಿ ಕಡಿತ, ಕಾರ್ಖಾನೆ ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾದ ಮಿತಿ ಆ ಮಸೂದೆಯಲ್ಲಿ 100 ಕಾರ್ಮಿಕರು 'ಅಥವಾ ಸರ್ಕಾರ ಅಧಿಸೂಚಿಸುವ ಸಂಖ್ಯೆ' ಎಂದಿತ್ತು. ಸಮಿತಿ ಇಲ್ಲಿ ಎರಡು ಮಾತು ಹೇಳಿತು: ಮಿತಿಯನ್ನು 300ಕ್ಕೆ ಏರಿಸಿ ಸಂಹಿತೆಯಲ್ಲೇ ಬರೆಯಿರಿ, ಅಧಿಸೂಚನೆಯ ಮಾತನ್ನು ತೆಗೆಯಿರಿ, ಏಕೆಂದರೆ ಕಾರ್ಮಿಕ ಕಾನೂನಿನ ಸುಧಾರಣೆ ಕಾರ್ಯಾಂಗದ ಆದೇಶದ ಮೂಲಕ ಆಗಬಾರದು. 300 ಎಂಬ ಸಂಖ್ಯೆಯನ್ನು ಕಾರ್ಮಿಕ ಸಂಘಟನೆಗಳು ಈಗಲೂ ವಿರೋಧಿಸುತ್ತವೆ, ಅವರ ವಿರೋಧಕ್ಕೆ ಬಲವಾದ ಕಾರಣಗಳಿವೆ. ಆದರೆ ಸಮಿತಿಯ ಈ ಎರಡು ಮಾತು ಒಂದಕ್ಕೊಂದು ಕಟ್ಟಿಕೊಂಡಿದ್ದವು. ಅಂತಿಮ ಸಂಹಿತೆಯ ಸೆಕ್ಷನ್ 77ರಲ್ಲಿ ಇರುವುದು '300 ಅಥವಾ ಸರ್ಕಾರ ಅಧಿಸೂಚಿಸುವ ಇನ್ನೂ ಹೆಚ್ಚಿನ ಸಂಖ್ಯೆ'. ಬೇಕಾದ ಅರ್ಧ ತೆಗೆದುಕೊಂಡು ಬೇಡವಾದ ಅರ್ಧ ಬಿಟ್ಟರು. ಅದೇ ವರದಿಯಲ್ಲಿ, ಮುಷ್ಕರಕ್ಕೆ ಮುಂಚಿತ ನೋಟಿಸ್ ಕೊಡುವ ನಿರ್ಬಂಧ ನೀರು, ವಿದ್ಯುತ್, ದೂರವಾಣಿಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇರಲಿ ಎಂದು ಸಮಿತಿ ಹೇಳಿತ್ತು. ಸಂಹಿತೆ ಅದನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಉಳಿಸಿಕೊಂಡಿತು.

ನಾಲ್ಕರಲ್ಲಿ ಮೂರು ಸಂಹಿತೆಗಳ ಹಳೆಯ ಮಸೂದೆಗಳನ್ನು ಹಿಂಪಡೆದು ಹೊಸ ಮೂರನ್ನು ಮಂಡಿಸಿದ್ದು 2020ರ ಸೆಪ್ಟೆಂಬರ್ 19ರಂದು. ಲೋಕಸಭೆ 22ಕ್ಕೆ, ರಾಜ್ಯಸಭೆ 23ಕ್ಕೆ ಅಂಗೀಕರಿಸಿದವು. ವಿರೋಧ ಪಕ್ಷಗಳು ಕಲಾಪ ಬಹಿಷ್ಕರಿಸಿದ್ದವು. ಬದಲಾದ ಪಠ್ಯ ಮತ್ತೆ ಸಮಿತಿಯ ಮುಂದೆ ಹೋಗಲಿಲ್ಲ. ಸಮಿತಿಯ 233 ಶಿಫಾರಸುಗಳಲ್ಲಿ 174ನ್ನು, ಅಂದರೆ ಶೇ 74ರಷ್ಟನ್ನು, ಒಪ್ಪಿದ್ದೇವೆ ಎಂದು ಅಂದಿನ ಕಾರ್ಮಿಕ ಸಚಿವರು ಹೇಳಿದರು. ಅಲ್ಪವಿರಾಮ ಸರಿಪಡಿಸುವ ಶಿಫಾರಸೂ ಒಂದು, ಮುಷ್ಕರದ ಹಕ್ಕಿನ ಶಿಫಾರಸೂ ಒಂದು ಎಂದು ಎಣಿಸಿದರೆ ಆ ಶೇಕಡಾವಾರಿನಿಂದ ಏನೂ ತಿಳಿಯುವುದಿಲ್ಲ. ಅರ್ಧ ಒಪ್ಪಿದ 300ರ ಶಿಫಾರಸು ಯಾವ ಲೆಕ್ಕಕ್ಕೆ ಸೇರಿತು?

ಶಿಕ್ಷಣಕ್ಕೂ ದುಡಿಮೆಗೂ ಒಟ್ಟಿಗೇ ತಟ್ಟಿದ ಉದಾಹರಣೆ ಬಾಲಕಾರ್ಮಿಕ ತಿದ್ದುಪಡಿ ಮಸೂದೆ. ಅದು 2012ರಲ್ಲಿ ರಾಜ್ಯಸಭೆಗೆ ಬಂತು. ಶಾಲೆ ಬಿಟ್ಟ ಮೇಲೆ ಮಗು ಮನೆಯವರ ಕೆಲಸಕ್ಕೆ ನೆರವಾಗಬಹುದು ಎಂಬ ವಿನಾಯಿತಿ ಅದರಲ್ಲಿತ್ತು. ಮಗು ಬರೀ ನೆರವಾಗುತ್ತಿದೆಯೋ, ಮನೆಯ ಸಂಪಾದನೆಗೆ ದುಡಿಯುತ್ತಿದೆಯೋ ಎಂದು ಕಂಡುಹಿಡಿಯುವುದು ಬಹಳ ಕಷ್ಟ, ಇಲಾಖೆಯೇ ಕಳ್ಳದಾರಿ ತೆರೆಯುತ್ತಿದೆ, ಈ ವಿನಾಯಿತಿಯನ್ನು ಕೈಬಿಡಿ ಎಂದು ಸ್ಥಾಯಿ ಸಮಿತಿ 2013ರ ಡಿಸೆಂಬರ್‌ನಲ್ಲಿ ನೇರವಾಗಿ ಹೇಳಿತು. 2016ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ 'ಕುಟುಂಬದ ಉದ್ಯಮ'ದ ವಿನಾಯಿತಿ ಉಳಿಯಿತು. ಸಂಜೆ ಹೊತ್ತು ಮಗ್ಗದ ಮುಂದೆಯೋ ಅಂಗಡಿಯಲ್ಲೋ ಇರುವ ಮಗುವಿನ ಬಗ್ಗೆ ಇನ್‌ಸ್ಪೆಕ್ಟರ್ ಏನು ಬರೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಇದು ಒಂದೇ ಪಕ್ಷದ ಚಾಳಿಯಲ್ಲ. 2010ರ ಶೈಕ್ಷಣಿಕ ನ್ಯಾಯಮಂಡಳಿ ಮಸೂದೆಯ ಮೇಲೆ ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಲೋಕಸಭೆ ಮಸೂದೆಗೆ ಒಪ್ಪಿಗೆ ಕೊಟ್ಟುಬಿಟ್ಟಿತು. ರಾಜ್ಯಸಭೆಯಲ್ಲಿ ಅಂದಿನ ಆಡಳಿತ ಪಕ್ಷ ಕಾಂಗ್ರೆಸ್‌ನವರೇ ಆದ ಕೆ. ಕೇಶವರಾವ್ ವಿರೋಧಿಸಿದರು. ಮಸೂದೆ ಅಲ್ಲೇ ಸಿಕ್ಕಿಕೊಂಡಿತು, ಕಾಯ್ದೆಯಾಗಲೇ ಇಲ್ಲ.

ಇನ್ನು ನಮ್ಮ ವಿಧಾನಸಭೆ. ದಿನದ ದುಡಿಮೆಯ ಅವಧಿಯನ್ನು ವಾರಕ್ಕೆ 48 ಗಂಟೆ ಮೀರದಂತೆ 12 ಗಂಟೆವರೆಗೆ ವಿಸ್ತರಿಸುವ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸುವ, ಮಹಿಳೆಯರ ರಾತ್ರಿ ಪಾಳಿಗೆ ಷರತ್ತಿನ ಅನುಮತಿ ಕೊಡುವ ಕಾರ್ಖಾನೆಗಳ ತಿದ್ದುಪಡಿ ಮಸೂದೆ 2023ರ ಫೆಬ್ರುವರಿಯಲ್ಲಿ ಸಮಿತಿಯ ಪರಿಶೀಲನೆಯಿಲ್ಲದೆ ಒಂದೇ ವಾರದಲ್ಲಿ ಎರಡೂ ಸದನ ದಾಟಿತು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ 12 ಗಂಟೆ ನಿಲ್ಲಬೇಕಾದ ಹೆಣ್ಣುಮಗಳು ಬಸ್ಸಿನ ವೇಳೆಯ ಬಗ್ಗೆ, ಶಿಶುಪಾಲನಾ ಕೇಂದ್ರದ ಬಗ್ಗೆ ಹೇಳುವುದನ್ನು ಶಾಸಕರು ಕೇಳಿಸಿಕೊಳ್ಳುವ ವೇದಿಕೆಯೇ ಇರಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರಲ್ಲಿ ಉಭಯ ಸದನಗಳ ಜಂಟಿ ಸಮಿತಿಗೆ ಕೊಟ್ಟು, ಜನರ ಅಭಿಪ್ರಾಯ ಕೇಳಿ, ಮರುವರ್ಷ ತಿದ್ದಿದ ರೂಪದಲ್ಲಿ ಅಂಗೀಕರಿಸಲು ಸಾಧ್ಯವಾಗಿತ್ತಲ್ಲ! ಪಕ್ಕದ ಕೇರಳದಲ್ಲಿ ಮಸೂದೆಗಳು ವಿಷಯ ಸಮಿತಿಗಳಿಗೆ ಹೋಗುವ ಪದ್ಧತಿ 1980ರಿಂದಲೂ ಇದೆ. ಅಲ್ಲಿ ಸಂಬಂಧಪಟ್ಟ ಮಂತ್ರಿಯೇ ಸಮಿತಿಯ ಅಧ್ಯಕ್ಷರಾಗುವುದು ಒಂದು ಕೊರತೆ. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಸಂಘಟನೆಗಳಿಗೂ ಒಂದು ಮಾತು. ಸಮಿತಿಗೆ ಹೋಗುವ ಬಹುಪಾಲು ಮನವಿಗಳು 'ಮಸೂದೆಯನ್ನು ಉಗ್ರವಾಗಿ ಖಂಡಿಸುತ್ತೇವೆ, ಕೂಡಲೇ ಹಿಂಪಡೆಯಿರಿ' ಎಂದು ಮುಗಿಯುತ್ತವೆ. ಖಂಡವಾರು ಪರಿಶೀಲನೆಗೆ ಕೂತ ಸದಸ್ಯರಿಗೆ ಅದರಿಂದ ಎತ್ತಿಕೊಳ್ಳಲು ಏನೂ ಸಿಗುವುದಿಲ್ಲ. ಒಂದು ಕಡೆ ಖಂಡದ ಸಂಖ್ಯೆ ಮತ್ತು ಈಗಿರುವ ಪಠ್ಯ, ಅದರ ಎದುರು ನೀವು ಬಯಸುವ ಪಠ್ಯ ಪದಶಃ, ಕೆಳಗೆ ಕಾರಣ ನಾಲ್ಕೈದು ಸಾಲು, ಅದಕ್ಕೆ ಆಧಾರವಾಗಿ ವೇತನ ಚೀಟಿ, ಹಾಜರಿ ಪುಸ್ತಕ, ದಾಖಲಾತಿ ಅಂಕಿಅಂಶದಂಥ ದಾಖಲೆ: ಇಷ್ಟಿದ್ದರೆ ಸದಸ್ಯರು ಇಲಾಖೆಗೆ ಅದನ್ನೇ ಪ್ರಶ್ನೆಯಾಗಿ ಹಾಕಬಹುದು. 'ನಿಯಮಿಸಬಹುದಾದಂಥ', 'ಅಧಿಸೂಚಿಸಬಹುದಾದಂಥ' ಎಂಬ ಪದಗಳಿಗೆ ಮೊದಲು ಗೆರೆ ಎಳೆಯಿರಿ. ಸದನದ ಕೈತಪ್ಪಿ ಅಧಿಕಾರಿಯ ಮೇಜಿಗೆ ಹೋಗುವ ವಿಷಯಗಳೆಲ್ಲ ಅಲ್ಲೇ ಇರುತ್ತವೆ. ಸಂಸದೀಯ ಸಮಿತಿಗೆ ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕಾದ್ದರಿಂದ 15 ದಿನಗಳಲ್ಲಿ ಅನುವಾದಕ್ಕೂ ನಾಲ್ಕು ದಿನ ಮೀಸಲಿಡಿ. ಖುದ್ದು ಹೇಳಿಕೆ ಕೊಡುವ ಇಚ್ಛೆಯಿದ್ದರೆ ಅದನ್ನು ಮನವಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಬರೆಯದಿದ್ದರೆ ಕರೆ ಬರುತ್ತದೆಂದು ಕಾಯಬೇಡಿ. ಮುಖ್ಯವಾಗಿ, ಸಮಿತಿಗೆ ಸಲ್ಲಿಸಿದ ಪ್ರತಿಯನ್ನು ಪತ್ರಿಕಾಗೋಷ್ಠಿಯಲ್ಲಿ ಹಂಚಬೇಡಿ. ಸಲ್ಲಿಸಿದ ಕ್ಷಣದಿಂದ ಅದು ಸಮಿತಿಯ ಗೋಪ್ಯ ದಾಖಲೆ, ಬಹಿರಂಗಪಡಿಸುವುದು ಹಕ್ಕುಚ್ಯುತಿ ಎಂದು ಪ್ರಕಟಣೆಯಲ್ಲೇ ಎಚ್ಚರಿಸಿರುತ್ತಾರೆ.

ಸರ್ಕಾರಗಳ ಮುಂದೆ ನಮ್ಮ ಬೇಡಿಕೆ ಹೀಗಿದೆ. ಸಮಿತಿ ನೋಡಿಬಂದ ಮಸೂದೆಯನ್ನು ಚರ್ಚೆಗೆ ತರುವ ಮಂತ್ರಿ, ಪ್ರತಿ ಶಿಫಾರಸಿನ ಎದುರು 'ಒಪ್ಪಿದೆ', 'ಭಾಗಶಃ ಒಪ್ಪಿದೆ', 'ಒಪ್ಪಿಲ್ಲ' ಎಂದು ಕಾರಣಸಹಿತ ಬರೆದ ಪಟ್ಟಿಯನ್ನು ಕನಿಷ್ಠ ಏಳು ದಿನ ಮುಂಚೆ ಸದನದ ಮುಂದಿಡಬೇಕು. ಸಮಿತಿ ನೋಡದ ಹೊಸ ಖಂಡ ಸೇರಿಸಿದ್ದರೆ ಆ ಖಂಡವನ್ನಾದರೂ ಸಮಿತಿಗೆ ಮರಳಿಸಬೇಕು. ಕರ್ನಾಟಕದಲ್ಲಿ ದುಡಿಮೆಯ ಅವಧಿ, ವೇತನ, ಶಾಲಾ ಪ್ರವೇಶ, ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಸಂಬಂಧಿಸಿದ ಮಸೂದೆಗಳನ್ನು ಉಭಯ ಸದನಗಳ ಜಂಟಿ ಸಮಿತಿಗೆ ಕಡ್ಡಾಯವಾಗಿ ಒಪ್ಪಿಸುವಂತೆ ಸದನದ ಕಾರ್ಯವಿಧಾನ ನಿಯಮಗಳಿಗೆ ತಿದ್ದುಪಡಿ ತರಬೇಕು. ಆ ಸಮಿತಿ ವಿಧಾನಸೌಧದಲ್ಲಿ ಮಾತ್ರ ಕೂರದೆ ಪೀಣ್ಯ, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಯಲ್ಲೂ ಕನ್ನಡದಲ್ಲೇ ಅಹವಾಲು ಕೇಳಬೇಕು. ವಿಧಾನಮಂಡಲದ ಮುಂದಿನ ಅಧಿವೇಶನಕ್ಕೆ ಮೊದಲು ಎರಡೂ ಸದನಗಳ ನಿಯಮಾವಳಿ ಸಮಿತಿಗಳು ಈ ತಿದ್ದುಪಡಿಯನ್ನು ಕೈಗೆತ್ತಿಕೊಳ್ಳಲಿ.

ಇಂತಿ,
ಶಾಸನ ಪ್ರಕ್ರಿಯೆಯನ್ನು ಗಮನಿಸುತ್ತಿರುವ ಓದುಗರು, ಬೆಂಗಳೂರು